ಯಾವುದಕ್ಕಲ್ಲ ಸರ್ ಮತ್ತು ಅವರ ಸ್ಟೂಲು

ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯೊಂದು ಯಾವ ಕೆಲಸಕ್ಕೆಂದು ತಯಾರಾಗಿದೆ ಎಂಬುದನ್ನು ನಿಯಂತ್ರಣ ಪ್ರಾಧಿಕಾರಕ್ಕೆ ಬರೆದೊಪ್ಪಿಸುವ ಕಾರ್ಯವನ್ನು, ಬರೀ ಗುಮಾಸ್ತಿಕೆಯೆಂದು ಎಲ್ಲರೂ ಮೂಗು ಮುರಿಯುತ್ತಿದ್ದ ಕಾಲದಲ್ಲೇ ಶಾಸ್ತ್ರದ ಶಿಸ್ತಿಗೆ ಏರಿಸಿದ ಕೆಲವೇ ಹಿರಿಯರಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ದಾಖಲೆ ವಿಭಾಗದ ಮುಖ್ಯಸ್ಥರು ಅಗ್ರಗಣ್ಯರು. ಕಚೇರಿಯಲ್ಲಿ ಅವರ ಅಡ್ಡಹೆಸರು ‘ಯಾವುದಕ್ಕಲ್ಲ ಸರ್’. “ಇದು ಯಾವುದಕ್ಕೆ ಅಂತ ಮಾರೋರೇ ಹೇಳ್ತಾರೆ, ಯಾವುದಕ್ಕಲ್ಲ ಅಂತ ನಾವು ಹೇಳ್ಬೇಕು” ಎನ್ನುವುದು ಅವರ ನಿತ್ಯಪಾಠ.

ವ್ಯವಸ್ಥೆ ಬಳಕೆಯಾಗುವ ಜಾಗದಲ್ಲಿ ಮೂರು ದಿನ ಸ್ಟೂಲು ಹಾಕಿಕೊಂಡು ಕೂರದೆ ಅವರು ಒಂದಕ್ಷರ ಬರೆದವರಲ್ಲ. ಸ್ಟೂಲೂ ಅವರದೇ, ಹೊರುವವರೂ ಅವರೇ. ಅದು ಬಾಗಿಲಲ್ಲಿ ಕಂಡರೆ ಸಾಕು, ಎಂಜಿನಿಯರುಗಳ ಎದೆ ಧಸಕ್ಕೆನ್ನುತ್ತಿತ್ತು.

ಎಂಟು ವರ್ಷಗಳ ಹಿಂದೆ ಕೆಲಸಕ್ಕೆ ಹೊಸಬಳಾಗಿದ್ದ ಈ ಲೇಖಕಿಗೆ, ಎದೆಯ ಎಕ್ಸ್‌ರೇ ನೋಡಿ ತುರ್ತು ರೋಗಿಗಳನ್ನು ಸರದಿಯ ಮುಂದಕ್ಕೆ ತರುವ ವ್ಯವಸ್ಥೆಯ ದಾಖಲೆಯನ್ನು ಅವರು ಒಪ್ಪಿಸಿದರು. ಸ್ಟೂಲು ಹೊತ್ತು ಆಸ್ಪತ್ರೆಗೆ ಹೋಗಲು ಅವಳಿಗೆ ನಾಚಿಕೆ! ಕುಳಿತಲ್ಲೇ ಕುಳಿತು, ಹಳೆಯ ಕಡತದಿಂದ ‘ಎಲ್ಲ ರೋಗಿಗಳಿಗೆ’ ಎಂಬ ಸಾಲನ್ನು ಎತ್ತಿ ಅಂಟಿಸಿದಳು. ವ್ಯವಸ್ಥೆಯನ್ನು ಪರೀಕ್ಷಿಸಿದ್ದು ದೊಡ್ಡವರ ಚಿತ್ರಗಳ ಮೇಲೆ ಮಾತ್ರ. ಹೋಗಿಬಂದಿರುತ್ತಾಳೆಂದು ನಂಬಿ ಅವರು ಸಹಿ ಹಾಕಿದರು.

ಮುಂದಿನ ತಿಂಗಳು ಬೇರೆ ಕೆಲಸಕ್ಕೆ ಅದೇ ಆಸ್ಪತ್ರೆಯಲ್ಲಿ ಕುಳಿತಿದ್ದಾಗ, ಏದುಸಿರು ಬಿಡುತ್ತಿದ್ದ ನಾಲ್ಕು ವರ್ಷದ ಮಗುವೊಂದು ಸರದಿಯ ಕೊನೆಯಲ್ಲಿರುವುದು ಅವರ ಕಣ್ಣಿಗೆ ಬಿತ್ತು.

“ಮಕ್ಕಳನ್ನೂ ಇದಕ್ಕೇ ಹಾಕ್ತೀರಾ?”

“ನಿಮ್ಮ ಪೇಪರಲ್ಲೇ ಎಲ್ಲರಿಗೂ ಅಂತಿದೆಯಲ್ಲ ಸರ್,” ಎಂದರು ನರ್ಸಮ್ಮ.

ಸರ್ ಓಡಿಹೋಗಿ ವೈದ್ಯರನ್ನು ಕರೆತಂದರು. ಮಗು ಉಳಿಯಿತು.

ಆ ದಾಖಲೆಯ ಬಗ್ಗೆ ಕಚೇರಿಯಲ್ಲಿ ನಡೆದ ವಿಚಾರಣೆಯ ದಿನ, ಕೆಲಸ ಇನ್ನೂ ಕಾಯಂ ಆಗಿರದ ಈ ಲೇಖಕಿ ಮೇಜಿನ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದಳು. ಆ ಸಾಲು ಬರೆದವರು ಯಾರೆಂಬ ಪ್ರಶ್ನೆಗೆ ಅವರು, “ಸಹಿ ನನ್ನದು. ವಿಚಾರಿಸದೆ ಹಾಕಿದೆ,” ಎಂದಷ್ಟೇ ಹೇಳಿದರು. ಅವರಿಗೆ ಸಿಗಲಿದ್ದ ನಿರ್ದೇಶಕರ ಹುದ್ದೆ, ಕೈಗೆ ಬಂದ ತುತ್ತು, ಬಾಯಿಗೆ ಬರಲಿಲ್ಲ. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಸಂಜೆ ಅವರ ಕೋಣೆಗೆ ಹೋಗಿ ಅತ್ತಾಗ, “ಅಳೋದಕ್ಕಲ್ಲಮ್ಮ ನಿನ್ನ ಇಲ್ಲಿ ಇಟ್ಕೊಂಡಿರೋದು. ಸ್ಟೂಲ್ ತಗೋ, ನಡಿ,” ಎಂದರು. ಅಂದು ಹೊತ್ತದ್ದನ್ನು ಅವಳು ಇಂದಿಗೂ ಇಳಿಸಿಲ್ಲ.

ಪೂಜ್ಯರು ಆಯುರಾರೋಗ್ಯದಿಂದ ಬಾಳಲಿ. ಬರೆಯಬೇಕೆಂದಿರುವ ಕೈಪಿಡಿಯನ್ನು ಬರೆದು ಮುಗಿಸಲಿ. ಅವರ ‘ಯಾವುದಕ್ಕಲ್ಲ’ ನಮ್ಮ ಕಿವಿಗೆ ಬೀಳುತ್ತಲೇ ಇರಲಿ. ಹೊಗಳಿದರೆ ಅವರಿಗೆ ಆಗದು. ಆದ್ದರಿಂದ ಈ ಬರಹವನ್ನು, ವಿಚಾರಣೆಯಲ್ಲಿ ಬಾಯಿ ಬಿಡದವಳು ಎಂಟು ವರ್ಷ ತಡವಾಗಿ ಕೊಡುತ್ತಿರುವ ಹೇಳಿಕೆಯೆಂದು ಅವರು ಸ್ವೀಕರಿಸಬೇಕು. ಆ ಸಾಲು ಬರೆದವಳು ಈ ಲೇಖಕಿ.