ಒಂದೇ ಒಲೆಯ ಬೀದಿಯ ಪಂಕ್ಚರ್ ಅಂಗಡಿಯವರು

ಮಳವಳ್ಳಿಯ ಆ ಬೀದಿಯಲ್ಲಿ ಒಂದು ಕಾಲಕ್ಕೆ ಜಾತಿ ಬಿಟ್ಟು ಮದುವೆಯಾದವರೆಲ್ಲ ಬಂದು ಸೇರಿ, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದರು. ಕಾಲೇಜಿನ ಪ್ರಾಜೆಕ್ಟಿಗೆಂದು ನಾವು ಅದರ ಸಾಕ್ಷ್ಯಚಿತ್ರ ತೆಗೆಯಲು ಹೋದಾಗ ಅವರಲ್ಲಿ ಉಳಿದಿದ್ದವರು ಪಂಕ್ಚರ್ ಅಂಗಡಿಯವರೊಬ್ಬರೇ. ಏನು ಕೇಳಿದರೂ ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ನೋಡುತ್ತಾ, "ಅದೇನ್ ಮಹಾ, ಬುಡ್ಲಾ" ಅನ್ನುತ್ತಿದ್ದರು. ದುದ್ದವೆಂಬ ಹಳ್ಳಿಯಿಂದ ಹೆಂಡತಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಓಡಿಬಂದದ್ದಕ್ಕೂ ಅದೇ ಮಾತು.

ಪರದೆಯ ಮೇಲೆ ಹೆಸರಿನ ಜೊತೆ ಜಾತಿಯನ್ನೂ ಹಾಕೋಣವೆಂದು, ನಮ್ಮ ಕಡೆ ಎಲ್ಲರೂ ಕೇಳುವಂತೆ ನಾನೂ ಕೇಳಿದೆ: "ನೀವ್ ಯಾವ ಜನ ಸಾರ್? ನಿಮ್ಮನೆ ಅಮ್ಮೋರು?"

ಅವರು ಕೈ ಒರೆಸಿಕೊಂಡು, ಅಂಗಿಗೆ ಸಿಕ್ಕಿಸಿದ್ದ ಮೈಕು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಈ ಬೀದೀಲಿ ಅದೊಂದ್ನ ಯಾರೂ ಕೇಳ್ತಿರ್ನಿಲ್ಲ ಕಣ್ಲಾ."

ಆ ಪ್ರಶ್ನೆಯನ್ನು ಕತ್ತರಿಸಿ ಚಿತ್ರ ಒಪ್ಪಿಸಿದೆವು. ಅಂಕ ಚೆನ್ನಾಗಿಯೇ ಬಂತು.