ಭಾವನ ತೋಳಿನ ಅಳತೆ

ಅನುಮಾನ ನನ್ನ ಹುಟ್ಟುಗುಣ. ಬೇಕರಿಯ ಪ್ಯಾಕಿಂಗ್ ಮೇಜಿನ ಮುಂದೆ ಹದಿನೆಂಟು ವರ್ಷ ನಿಂತ ಮೇಲೆ ಅದು ಇನ್ನಷ್ಟು ಬಲಿತಿದೆ. ಬ್ರೆಡ್ಡನ್ನು ಕೈಗೆತ್ತಿಕೊಂಡರೆ ಸಾಕು, ಹತ್ತು ಗ್ರಾಂ ಕಡಿಮೆಯಿದ್ದರೂ ನನಗೆ ತಿಳಿಯುತ್ತದೆ. ಮನುಷ್ಯರನ್ನೂ ಹಾಗೇ ತೂಗುತ್ತೇನೆ. ತೂಗದೆ ಬಿಟ್ಟಿದ್ದು ಒಬ್ಬರನ್ನೇ, ನನ್ನ ಭಾವನನ್ನು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹತ್ತೊಂಬತ್ತರ ವಯಸ್ಸಿನಲ್ಲಿ ಟ್ರೇ ತೊಳೆಯಲು ಬಂದವರು, ಈಗ ಐವತ್ತೆಂಟು. ಹಿಟ್ಟಿನ ಕೋಣೆಗೆ ಅವರೇ ದೊಡ್ಡವರು. ತೋಳಿಲ್ಲದ ಬನಿಯನ್ನು, ಹುಬ್ಬಿನವರೆಗೂ ಮೈದಾ. ಹತ್ತಿರ ಹಾದವರ ಮೂಗಿನ ತುದಿಗೆ ಹಿಟ್ಟು ಮೆತ್ತಿ, ಏನೂ ಗೊತ್ತಿಲ್ಲದವರ ಹಾಗೆ ನಿಂತುಬಿಡುತ್ತಿದ್ದರು. ನನಗೆ ಕೆಲಸ ಕೊಡಿಸಿದ್ದೂ ಅವರೇ, ಕಲಿಸಿದ್ದೂ ಅವರೇ. ಮೊದಲ ವರ್ಷ ನನ್ನ ಕೆಲಸವೆಂದರೆ ಉಪ್ಪಿನ ಮಗ್ಗು ತುಂಬಿ, ಮೇಲೆ ಬೆರಳಾಡಿಸಿ ಮಟ್ಟಮಾಡಿ, ಅವರ ಕೈಗೆ ಕೊಡುವುದು.

ನಮ್ಮ ಬೇಕರಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಹಿಟ್ಟಿನ ಅಳತೆಯನ್ನು ಯಾರೂ ಎಲ್ಲಿಯೂ ಬರೆದಿಡುವಂತಿಲ್ಲ. ಎದುರುಗಡೆ ಬೇಕರಿಯವರ ಕೈಗೆ ಸಿಕ್ಕೀತೆಂದು ಮಾಲೀಕರ ಅಪ್ಪನ ಕಾಲದ ಹೆದರಿಕೆ. ಹಿಟ್ಟಿನ ಕೋಣೆಗೆ ಒಂದು ಚೀಟಿ, ಒಂದು ಪೆನ್ಸಿಲ್ ತುಂಡು ಕೂಡ ಹೋಗುವ ಹಾಗಿಲ್ಲ. ಅಳತೆಯೆಲ್ಲ ಇರುವುದು ಭಾವನ ತಲೆಯಲ್ಲಿ.

ಹೋದ ತಿಂಗಳು ಎರಡು ಸಲ ಉಪ್ಪಿಲ್ಲದ ಬ್ರೆಡ್ ಬಂತು. ಉಪ್ಪಿಲ್ಲದ ಹಿಟ್ಟಿಗೆ ಲಗಾಮು ಇರುವುದಿಲ್ಲ. ಅಚ್ಚು ಮೀರಿ ಉಬ್ಬಿ, ಒಲೆಯಲ್ಲೇ ಕುಸಿದು ಕೂತಿತ್ತು. ಬಾಯಿಗಿಟ್ಟರೆ ಬರೀ ಸಪ್ಪೆ. ಮಾಲೀಕರು ನನ್ನನ್ನು ಕರೆದು ಬಾಗಿಲು ಮುಚ್ಚಿದರು.

“ಇದು ಎದುರುಗಡೆಯವರ ಕೈವಾಡಾನೇ. ನಮ್ಮೊಳಗೆ ಯಾರೋ ಇದ್ದಾರೆ. ನೀನು ಕಣ್ಣಿಟ್ಟಿರಮ್ಮ. ಮೂರನೇ ಸಲ ಹೀಗಾದ್ರೆ ಹಿಟ್ಟಿನ ಕೋಣೆಯವರು ಒಬ್ಬರೂ ಇಲ್ಲಿರಲ್ಲ, ನಿಮ್ಮ ಭಾವನೂ ಸೇರಿ.”

ನನಗೋ, ಕಣ್ಣಿಡು ಅಂತ ಬೇರೆ ಹೇಳಬೇಕೆ! ಒಲೆಯವನನ್ನು ಅನುಮಾನಿಸಿದೆ. ಮೂಟೆ ಇಳಿಸುವವನನ್ನು ಅನುಮಾನಿಸಿದೆ. ಹಾಲು ತರುವವಳು ಎರಡು ನಿಮಿಷ ಹೆಚ್ಚು ನಿಂತರೆ ಅವಳನ್ನೂ ಬಿಡಲಿಲ್ಲ. ಅಷ್ಟರಲ್ಲಿ ಭಾವ ತುಂಬುತೋಳಿನ ಅಂಗಿ ಹಾಕಿಕೊಂಡು ಬಂದರು.

ಒಲೆಯ ಪಕ್ಕದ ಆ ಸೆಕೆಯಲ್ಲಿ ಮಣಿಕಟ್ಟಿನವರೆಗೂ ಗುಂಡಿ! ಸಾಲದ್ದಕ್ಕೆ ನಿಮಿಷಕ್ಕೊಮ್ಮೆ ಎಡತೋಳನ್ನು ಪಟಪಟ ಬಡಿದುಕೊಳ್ಳುವುದು ಬೇರೆ.

“ಏನಾಯ್ತು ಭಾವ ತೋಳಿಗೆ?”

“ಸೊಳ್ಳೆ ಕಣಮ್ಮ.”

“ನಾಲ್ಕು ದಿನದಿಂದ ಒಂದೇ ಜಾಗಕ್ಕೆ ಕಚ್ಚೋ ಸೊಳ್ಳೆನಾ? ನನ್ನ ಕಿವಿಗೆ ಹೂ ಇಡ್ಬೇಡಿ.”

ನಗಲಿಲ್ಲ ಅವರು. ನನ್ನ ಮೂಗಿಗೆ ಹಿಟ್ಟನ್ನೂ ಹಚ್ಚಲಿಲ್ಲ.

ಅಂದು ಸಂಜೆ ಅಕ್ಕನೇ ಫೋನ್ ಮಾಡಿದಳು. “ಸ್ನಾನದ ಮನೆ ಚಿಲಕ ಹಾಕ್ಕೊಂಡು ಅರ್ಧ ಗಂಟೆ ಈಚೆಗೇ ಬರಲ್ಲ. ಜೇಬಲ್ಲಿ ಕ್ರೀಮ್ ಸಿಕ್ತು ಕಣೆ. ಐವತ್ತೆಂಟರ ಗಂಡಸಿಗೆ ಕ್ರೀಮ್ ಯಾಕೆ? ಯಾವಳೋ ಇದ್ದಾಳೆ.”

“ಇದ್ರೆ ಅವಳ ಜುಟ್ಟು ನನ್ನ ಕೈಗೆ ಕೊಡು” ಅಂದೆ. ಬಾಯಲ್ಲಿ ಹಾಗಂದರೂ ನನ್ನ ಹೆದರಿಕೆ ಬೇರೆ ಇತ್ತು. ಹಿಟ್ಟಿನ ಕೋಣೆಯ ಬಾಗಿಲಲ್ಲೇ ಬೋರ್ಡಿದೆ: ಕೈಯಲ್ಲಿ ಗಾಯ, ತುರಿಕೆ ಇದ್ದವರು ಒಳಗೆ ಬರುವಂತಿಲ್ಲ. ಭಾವನಿಗೆ ಕಜ್ಜಿಯೇ ಹತ್ತಿತೋ, ಇಲ್ಲ ಆ ತೋಳಿನೊಳಗೆ ಎದುರುಗಡೆಯವರಿಗೆ ಕೊಡುವಂಥದ್ದೇನಾದರೂ ಬಚ್ಚಿಟ್ಟಿದ್ದಾರೋ? ಅನ್ನ ಕೊಟ್ಟವರ ಮೇಲೆ ಹೀಗೆ ಯೋಚಿಸುತ್ತೀಯಲ್ಲ ಎಂದು ನನ್ನನ್ನೇ ಬೈದುಕೊಂಡೆ. ಯೋಚಿಸುವುದನ್ನು ಮಾತ್ರ ಬಿಡಲಿಲ್ಲ.

ಮರುದಿನ ಮಧ್ಯಾಹ್ನದ ಚಹಾ ಹೊತ್ತಿಗೆ ಭಾವ ಮೆಲ್ಲಗೆ ಮೈದಾ ಉಗ್ರಾಣಕ್ಕೆ ನುಗ್ಗಿದರು. ನಾನೂ ಚಪ್ಪಲಿ ಬಿಟ್ಟು ಹಿಂದೆಯೇ ಹೋದೆ. ಮೂಟೆಗಳ ಸಂದಿಯಲ್ಲಿ ನಿಂತು, ಅಂಗಿಯ ತೋಳು ಮಡಚಿ, ಹಲ್ಲು ಕಚ್ಚಿಕೊಂಡು ರಪರಪ ಬಡಿದುಕೊಳ್ಳುತ್ತಿದ್ದರು. ಹೋಗಿ ಗಪ್ಪನೆ ಕೈ ಹಿಡಿದೆ.

“ತೋರಿಸಿ! ಕಜ್ಜಿ ಇಟ್ಕೊಂಡು ಊರಿಗೆಲ್ಲ ಬ್ರೆಡ್ ತಿನ್ನಿಸ್ತಿದ್ದೀರಾ?”

ಕಜ್ಜಿ ಅಲ್ಲ, ಹಚ್ಚೆ. ಮೊಣಕೈಯ ಮೇಲೆ, ತೋಳಿನ ಒಳಮೈಯಲ್ಲಿ, ಸಾಲುಸಾಲಾಗಿ ಅಕ್ಷರ ಮತ್ತು ಅಂಕಿ. ಸುತ್ತಲ ಚರ್ಮ ಕೆಂಪಗೆ, ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು.

“ಕೂಗಬೇಡ ಕಣೆ” ಎಂದರು ಭಾವ. “ಆ ಎರಡು ಸಲ ಉಪ್ಪು ಹಾಕದೇ ಇದ್ದಿದ್ದು ನಾನೇ. ಮರೆತುಹೋಗ್ತಿದೆ. ಹಿಟ್ಟು ಕಲಸೋ ಮಿಷನ್ ಮುಂದೆ ನಿಂತ್ರೆ ಏನು ಹಾಕಿದೆ, ಏನು ಹಾಕಿಲ್ಲ, ಒಂದೂ ತೋಚಲ್ಲ. ಚೀಟಿ ಒಯ್ಯೋ ಹಾಗಿಲ್ವಲ್ಲ. ಅದಕ್ಕೆ ಹೀಗೆ ಬರೆಸಿಕೊಂಡೆ.”

ಹದಿನೈದು ದಿನದಿಂದ ನಾನು ಹುಡುಕುತ್ತಿದ್ದ ಕಳ್ಳ ಇವರೇ!

“ಡಾಕ್ಟರ ಹತ್ರ ಹೋಗೋದು ಬಿಟ್ಟು ಹಚ್ಚೆ ಹಾಕೋನ ಹತ್ರ ಹೋದ್ರಾ? ಅಕ್ಕಂಗಾದ್ರೂ ಹೇಳಬಾರದಿತ್ತಾ?”

“ಹೇಳ್ತೀನಿ. ಮೊದಲು ಈ ತುರಿಕೆಗೆ ಏನಾದ್ರೂ ಮಾಡು, ಪ್ರಾಣ ಹೋಗ್ತಿದೆ. ಕೆರೆದ್ರೆ ಅಕ್ಷರ ಕೆಟ್ಟುಹೋಗುತ್ತೆ, ತಟ್ಕೊಳ್ಳಿ ಅಂದಿದ್ದಾನೆ ಅವನು. ತಟ್ಟಿ ತಟ್ಟಿ ಕೈ ಸೋತುಹೋಯ್ತು.”

ಸಾಬೂನಿನಲ್ಲಿ ಕೈ ತೊಳೆದು ಬಂದೆ. ಪ್ಯಾಕಿಂಗಿನ ಹೊಸ ಬಟ್ಟೆಯೊಂದನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ತೋಳಿನ ಮೇಲಿಟ್ಟೆ. ಭಾವ ಕಣ್ಣು ಮುಚ್ಚಿ “ಅಬ್ಬಾ” ಎಂದರು. ಉಜ್ಜದೆ ಒತ್ತಿ ಒಣಗಿಸಿ, ಅವರ ಜೇಬಿನ ಕ್ರೀಮನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರತೊಡಗಿದೆ, ಒಂದೊಂದೇ ಸಾಲು.

ಮೈದಾ ನಲವತ್ತು. ನೀರು ಇಪ್ಪತ್ತೆರಡು. ಸಕ್ಕರೆ ಎರಡೂವರೆ. ಯೀಸ್ಟ್. ಎಣ್ಣೆ. ಹಾಲಿನ ಪುಡಿ.

ಬೆರಳು ಅಲ್ಲಿಗೇ ನಿಂತಿತು. ಮತ್ತೆ ಮೇಲಿನಿಂದ ಸವರಿದೆ. ಸಾಲು ಆರೇ. ಉಪ್ಪು ಇರಲಿಲ್ಲ.

“ಎಲ್ಲಾ ಇದೆ ಅಲ್ವಾ?” ಎಂದರು ಭಾವ, ಮಗುವಿನ ಹಾಗೆ ನನ್ನ ಮುಖ ನೋಡುತ್ತ. “ಒಂದೂ ಬಿಡದೆ ನಾನೇ ಹೇಳಿ ಬರೆಸಿದ್ದು.”

ಹೇಳಿಬಿಡಬೇಕಿತ್ತು. ನನ್ನ ಹಾಳು ಬಾಯಿ ಯಾವತ್ತೂ ಸುಮ್ಮನಿದ್ದದ್ದಲ್ಲ, ಆವತ್ತು ಮಾತ್ರ ಕೈಕೊಟ್ಟಿತು.

“ಎಲ್ಲಾ ಇದೆ ಭಾವ.”

ಎರಡರ ಗಂಟೆ ಬಾರಿಸಿತು. ಭಾವ ಹಿಟ್ಟಿನ ಕೋಣೆಗೆ ಹೋಗಿ ಮಿಷನ್ ಹಾಕಿದರು. ನಾನು ಉಪ್ಪಿನ ಮಗ್ಗು ತುಂಬಿ, ಮಟ್ಟಮಾಡಿ, ಅವರ ಮುಂದೆ ಹಿಡಿದೆ, ಮೊದಲ ವರ್ಷ ಹಿಡಿಯುತ್ತಿದ್ದ ಹಾಗೆ.

“ಏನಿದು?”

“ಉಪ್ಪು ಭಾವ. ಹಾಕಿ.”

ಅವರು ಗುಂಡಿ ಬಿಚ್ಚಿ, ಅಂಗಿಯ ತೋಳು ಮೇಲೇರಿಸಿ, ಬೆರಳಿಟ್ಟು ನಿಧಾನವಾಗಿ ಓದಿದರು. ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ನನ್ನನ್ನು ನೋಡಿದರು. ನಾನು ಜನರನ್ನು ನೋಡುವ ನೋಟವೇ ಅದು, ತೂಕ ಕಡಿಮೆಯಿದೆ ಅನ್ನುವ ನೋಟ.

“ಇದರಲ್ಲಿ ಉಪ್ಪು ಇಲ್ವಲ್ಲ” ಎಂದರು ಮೆಲ್ಲಗೆ. “ಯಾರಮ್ಮ ನಿನ್ನನ್ನ ಕಳಿಸಿದ್ದು? ಎದುರುಗಡೆಯವರಾ?”

ನಾನೇ ಮಗ್ಗನ್ನು ಹಿಟ್ಟಿಗೆ ಸುರಿದೆ. ಭಾವ ತಡೆಯಲಿಲ್ಲ. ತೋಳು ತಟ್ಟಿಕೊಳ್ಳುತ್ತ, ನನ್ನ ಕೈಯ ಮೇಲೆಯೇ ಕಣ್ಣಿಟ್ಟು ನಿಂತಿದ್ದರು.