ಯೊರ್ದಾಂಕಾಳ ಐನೂರು ನಂಬರು

ಯೊರ್ದಾಂಕಾ ರುಸೆ ಊರಿನ ನಮ್ಮ ಪಾರ್ಸೆಲ್ ಕಂಪನಿಯ ಕೌಂಟರಿನಲ್ಲಿ ಹನ್ನೆರಡು ವರ್ಷ ನಿಂತು ಚೀಟಿ ಅಂಟಿಸಿದವಳು. ನಲವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿತು ನಮ್ಮ ಕೋಣೆಗೆ ಬಂದಳು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುತ್ತಿರುವವನು ನಾನು, ಅಸೆನ್. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ?

ಪ್ರತಿ ಪಾರ್ಸೆಲ್ಲಿಗೂ ಬೇರೆ ಯಾವುದಕ್ಕೂ ಇರದ ಒಂದು ನಂಬರು ಬೇಕು. ನಾನು ಕಟ್ಟಿದ ವ್ಯವಸ್ಥೆಯಲ್ಲಿ ಕೌಂಟರಿನವರು ಒಂದೊಂದು ನಂಬರಿಗೂ ಮುಖ್ಯ ಡೇಟಾಬೇಸಿನ ಬಾಗಿಲು ತಟ್ಟಬೇಕಿತ್ತು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಆ ಬಾಗಿಲಲ್ಲಿ ನೂಕುನುಗ್ಗಲು.

"ಹಿಂದೆ ನಮ್ಗೆ ಚೀಟಿ ಸುರುಳಿ ಕೊಡ್ತಿದ್ರು, ಒಂದೊಂದ್ರಲ್ಲೂ ಐನೂರು ನಂಬರು," ಅಂದಳು ಯೊರ್ದಾಂಕಾ. "ಒಂದು ಚೀಟಿಗೋಸ್ಕರ ಯಾರಾದ್ರೂ ಹೆಡ್ಡಾಫೀಸಿಗೆ ಓಡ್ತಾರಾ? ಕಂಪ್ಯೂಟರಿಗೂ ಹಾಗೇ ಕೊಟ್ರಾಯ್ತಲ್ಲ."

"ಮಧ್ಯೆ ಕಂಪ್ಯೂಟರ್ ಕೆಟ್ರೆ ಉಳಿದ ನಂಬರೆಲ್ಲ ಹಾಳು," ಅಂದೆ.

"ಹಾಳಾಗ್ಲಿ ಬಿಡಿ ಅಸೆನಣ್ಣ. ನಂಬರಿಗೇನು ಬರವಾ?"

ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ ನಕ್ಕು, ಅವಳು ಹೇಳಿದಂತೆಯೇ ಮಾಡಿ ಎಂದುಬಿಟ್ಟರು. ಇಷ್ಟು ಸುಲಭದ ವಿಷಯ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಶುಕ್ರವಾರ ಅವಳು ಬರೆದ ಪ್ರೋಗ್ರಾಂ ನೋಡಿ ಒಪ್ಪಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾಲ್ಕನೇ ಸಾಲಿನಲ್ಲಿ ತಪ್ಪಿತ್ತು. ಪ್ರೋಗ್ರಾಂ ಹಿಂದಿನ ಐನೂರರ ಕಟ್ಟು ಎಲ್ಲಿಗೆ ಮುಗಿದಿದೆ ಎಂದು ಮೊದಲು ಓದಿ, ಆಮೇಲೆ ಐನೂರು ಕೂಡಿಸಿ ಬರೆಯುತ್ತಿತ್ತು. ಆ ನಡುವೆ ಇನ್ನೊಂದು ಕೌಂಟರ್ ಓದಿದರೆ ಇಬ್ಬರಿಗೂ ಅದೇ ಐನೂರು ನಂಬರು, ಒಬ್ಬರ ಪಾರ್ಸೆಲ್ ಇನ್ನೊಬ್ಬರ ಮನೆಗೆ. ಅವಳು ಪಕ್ಕದಲ್ಲೇ ಕೂತಿದ್ದಳು. ನಾನು ಆ ಸಾಲನ್ನು ಎಷ್ಟೋ ಹೊತ್ತು ನೋಡಿದೆ. ಒಮ್ಮೆ ಮುಗ್ಗರಿಸಲಿ, ಆಗ ಗೊತ್ತಾಗುತ್ತದೆ ಎನಿಸಿತು. ಮಾತು ಬೆಳ್ಳಿ, ಮೌನ ಬಂಗಾರ.

"ಸರಿಯಾಗಿದೆ," ಅಂದೆ.

ಸೋಮವಾರ ಎಲ್ಲ ಕೌಂಟರುಗಳಲ್ಲೂ ಶುರುವಾಯಿತು. ದೂರು ಬರುತ್ತದೆಂದು ಫೋನಿನ ಪಕ್ಕದಲ್ಲೇ ಕಾದು ಕೂತೆ. ಮಧ್ಯಾಹ್ನವಾದರೂ ಒಂದೂ ಬರಲಿಲ್ಲ. ತಾಳಲಾರದೆ ಪ್ರೋಗ್ರಾಂ ತೆರೆದು ನೋಡಿದೆ. ಓದುವುದು, ಕೂಡಿಸುವುದು ಎರಡನ್ನೂ ಯಾರೋ ಒಂದೇ ಆಜ್ಞೆಗೆ ಸೇರಿಸಿದ್ದರು. ನಡುವೆ ಯಾರೂ ನುಗ್ಗುವಂತಿರಲಿಲ್ಲ.

ಒಳ್ಳೆಯದಾದವರೇ ಸಿಹಿ ಹಂಚುವುದು ನಮ್ಮ ವಾಡಿಕೆ. ಯೊರ್ದಾಂಕಾ ಲೊಕುಮ್ ಮಿಠಾಯಿಯ ಡಬ್ಬಿ ಹಿಡಿದು ನೇರ ನನ್ನ ಮೇಜಿಗೇ ಬಂದಳು.

"ಮೊದಲ್ನೇದು ನಿಮ್ಗೇ ಅಸೆನಣ್ಣ. ಆವತ್ತು ಹದಿನಾಲ್ಕನೇ ಸಾಲಲ್ಲಿ ನಿಮ್ಮ ಕಣ್ಣು ನಿಂತೇಬಿಡ್ತು. ಮನೇಗ್ ಹೋಗಿ ನಾನೂ ಅಲ್ಲೇ ನೋಡ್ದೆ. ಶನಿವಾರ, ಭಾನುವಾರ ಎರಡೂ ದಿನ ಹುಡುಕಿದ್ಮೇಲೆ ತಪ್ಪು ಸಿಕ್ತು."

ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡೆ.

ಅವಳು ದನಿ ತಗ್ಗಿಸಿದಳು. "ಬಾಯಿಬಿಟ್ಟು ಹೇಳಿದ್ದಿದ್ರೆ, ಭಾನುವಾರ ಮಗಳ ಹುಟ್ಟುಹಬ್ಬಕ್ಕೆ ಸೋಫಿಯಾಕ್ಕೆ ಹೋಗ್ಬೋದಿತ್ತು."

ಆಮೇಲೆ ಡಬ್ಬಿ ಹಿಡಿದು ಮುಂದಿನ ಮೇಜಿಗೆ ಹೋದಳು.